ಹುಬ್ಬಿನ ಗಂಟು

ಮರಗಟ್ಟಿಸುವ ಮುಲಾಮು ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ
ನಲವತ್ತು ನಿಮಿಷ ಅಲುಗಾಡಬೇಡಿ ಎಂದೆ.
"ಮಾರಾಟಕ್ಕಿಟ್ಟ ಮೀನಾದೆ ನಾನೂ," ಅಂದಳು
ಪ್ಯೊ ಮಾಲ್‌ಸುನ್, ಅರವತ್ತಮೂರು,
ಬುಸಾನಿನ ಮೀನುಪೇಟೆಯಲ್ಲಿ ಹಾವುಮೀನು ಮಾರುವವಳು.
ಐದನೆಯದೂ ಹೆಣ್ಣಾದಾಗ
ಇನ್ನು ಸಾಕು ಅಂತ ಅಪ್ಪ ಇಟ್ಟ ಹೆಸರು.
ಬೇಡವೆಂದರೂ ಬಂದವಳ ಗತ್ತು ಈಗಲೂ ಇದೆ:
ಬಾಗಿಲಲ್ಲಿ ರಬ್ಬರ್ ಬೂಟು ಬಿಚ್ಚಲಿಲ್ಲ.
ನಾಲ್ಕನೇ ಮಹಡಿಯ ನಮ್ಮ ಬಿಳಿ ನೆಲದುದ್ದಕ್ಕೂ
ಬಂದರಿನ ಒದ್ದೆ ಹೆಜ್ಜೆ.

ದುಡ್ಡು ಚೀಟಿಯದು.
ಪೇಟೆಯ ಒಂಬತ್ತು ಹೆಂಗಸರ ಚೀಟಿ, ಈ ಸಲ ಇವಳ ಸರದಿ.
ಕಳೆದ ಸಲದವಳು ಫ್ರಿಜ್ ಕೊಂಡಳಂತೆ,
ಅದಕ್ಕೂ ಹಿಂದಿನವಳು ಗಂಡನ ಮಂಡಿ ಬದಲಿಸಿದಳಂತೆ.
"ನನಗೆ ಇದು," ಎಂದು ಬೆರಳಿಟ್ಟು ತೋರಿಸಿದಳು
ಹುಬ್ಬುಗಳ ನಡುವೆ ನೆಟ್ಟಗೆ ನಿಂತ ಗೆರೆ.
ಕೊಚ್ಚುಮಣೆಯಲ್ಲಿ ಕತ್ತಿ ಬಿಟ್ಟ ಕಚ್ಚಿನಷ್ಟು ಆಳ.
"ನನಗೆ ಕೋಪ ಇಲ್ಲದಾಗಲೂ ಇದಕ್ಕೆ ಇರುತ್ತೆ.
ಮೊಮ್ಮಗಳು ನನ್ನ ಚಿತ್ರ ಬರೆದಳು. ಮೊದಲು ಬರೆದದ್ದು ಇದನ್ನೇ.
ಮುಖ ಆಮೇಲೆ."

ಕಣ್ಣಿಗೆ ಕವಚ ಕೂರಿಸಿದೆ. ಡಾಕ್ಟರ್ ನಾಮ್‌ಗುಂಗ್
ಯಂತ್ರದ ಕೈ ತಗ್ಗಿಸಿದರು. ಟಿಕ್. ಟಿಕ್.
ಈ ಬೆಳಕು ಗುಣ ಮಾಡುವುದಿಲ್ಲ, ಗಾಯ ಮಾಡುತ್ತದೆ,
ಸೂಜಿಮೊನೆಯಂಥ ಸಾವಿರ ಸಾವಿರ ತೂತು;
ಉಳಿದದ್ದು ತೊಗಲಿಗೆ ಬಿಟ್ಟದ್ದು.
ಬಂದವರಿಗೆಲ್ಲ ಇದನ್ನು ಬಿಡಿಸಿ ಹೇಳುತ್ತೇವೆ,
ಅವಳು ನಡುವೆಯೇ ಕೈಯೆತ್ತಿ ತಡೆದಿದ್ದಳು.
ಹಾವುಮೀನಿನ ತಲೆಗೆ ಮೊಳೆ ಹೊಡೆದು
ಒಂದೇ ಎಳೆತಕ್ಕೆ ತೊಗಲು ಸುಲಿದು ನಲವತ್ತು ವರ್ಷವಾಯಿತು ಅವಳಿಗೆ.
ಸುಟ್ಟ ವಾಸನೆ ಎದ್ದಾಗ
"ಇದು ಯಾವ ಮೀನು?" ಎಂದು ಕೇಳಿ
ತಾನೇ ನಕ್ಕಳು.
ಡಾಕ್ಟರು ಕೈ ತಡೆದು ಕಾದರು, ನಗು ನಿಲ್ಲುವ ತನಕ.

ಮುಗಿದ ಮೇಲೆ ತಣ್ಣನೆ ಪಟ್ಟಿ ಹಾಕಲು ಬಗ್ಗಿದೆ.
ನನ್ನ ಮಾಸ್ಕ್ ಜಾರಿತು.
ಹದಿನಾರರಿಂದ ಹೊತ್ತು ತಿರುಗಿದ ಮೊಡವೆಯ ಕುಳಿಗಳನ್ನು
ಕೆಂಪಗೆ ಬೆಂದ ಮುಖವೊಂದು ಹತ್ತಿರದಿಂದ ನೋಡಿತು.
"ಯಾವ ಆಕ್ಟೋಪಸ್ ಮುತ್ತಿಟ್ಟಿತೇ ನಿನಗೆ?"

ಸಿಬ್ಬಂದಿಗೆ ಅರ್ಧ ದರ. ಆರು ವರ್ಷವಾಯಿತು.
ನಾಳೆ ಮಾಡಿಸುತ್ತೇನೆ ಎಂದೆ. ಯಾವಾಗಲೂ ನಾಳೆ ಎನ್ನುತ್ತೇನೆ.
ಯಂತ್ರದ ಈ ಬದಿ ನಿಂತವಳಿಗೆ ಗೊತ್ತು
ಒಂದು ಟಿಕ್ ಎಷ್ಟು ಉದ್ದ ಎಂದು.

ಎರಡು ವಾರ ಬಿಸಿಲು ಬೇಡ, ಉಪ್ಪುಗಾಳಿ ಬೇಡ,
ಹಕ್ಕಳೆ ಕೀಳಬೇಡಿ ಎಂದು ಬರೆದುಕೊಟ್ಟಿದ್ದೆ.
ಮೂರನೇ ದಿನಕ್ಕೇ ಅಂಗಡಿ ತೆರೆದಳಂತೆ,
ತಲೆಗೆ ಟವೆಲ್ ಸುತ್ತಿ, ಕಣ್ಣು ಮಾತ್ರ ಬಿಟ್ಟು.

ತಿಂಗಳಾದ ಮೇಲೆ ಬಂದಳು. ಗೆರೆ ಎಲ್ಲಿ?
ದೀಪ ಓರೆ ಹಿಡಿದರೆ ಮಾತ್ರ
ಒರೆಸಿದ ಸ್ಲೇಟಿನಲ್ಲಿ ನಿನ್ನೆಯ ಲೆಕ್ಕದಂತೆ ಒಂದೆಳೆ.
ಡಾಕ್ಟರು ಫೋಟೋ ಹಿಗ್ಗಿಸಿ ಹಿಗ್ಗಿದರು.
ಅವಳು ಹಿಗ್ಗಲಿಲ್ಲ.

"ಎಲ್ಲರೂ ಚೌಕಾಸಿಗೆ ಇಳಿದಿದ್ದಾರೆ.
ಮೊದಲು ನಾನು ಹೇಳಿದ್ದೇ ರೇಟು,
ಒಮ್ಮೆ ತಲೆಯೆತ್ತಿ ನೋಡಿದರೆ ಎಣಿಸಿ ಕೊಟ್ಟು ಹೋಗ್ತಿದ್ದರು.
ಈಗ ಸಿಯೋಲ್‌ನಿಂದ ಬಂದ ಹುಡುಗರು ಕೂಡ
ಅಜ್ಜೀ, ಮೇಲೊಂದು ಹಾಕಿ ಅಂತಾರೆ!
ಮುಖ ನೋಡಿ ಮಣೆ ಹಾಕೋ ಪೇಟೆ ಅದು.
ಗಂಟು ಕೊಟ್ಟು ಗಂಟು ಬಿಚ್ಚಿಸಿಕೊಂಡೆ.
ಈಗ ಎರಡೂ ಇಲ್ಲ."

ಆಮೇಲೆ, "ಮತ್ತೆ ಬರೋಕೆ ಎಷ್ಟು ದಿನ?"
ನಾನು ಸರದಿಯ ಪುಸ್ತಕ ಬಿಡಿಸಿದೆ.
"ನಾನಲ್ಲ. ಗೆರೆ."

ಬಿಸಿಲಿಗೆ ಕಣ್ಣು ಕಿರಿದು ಮಾಡುತ್ತಾ ಇದ್ದರೆ
ಮೂರೋ ನಾಲ್ಕೋ ವರ್ಷ, ಎಂದೆ.
ಬೆಳಕು ಮುಟ್ಟಿದ್ದು ತೊಗಲನ್ನು ಮಾತ್ರ,
ಕೆಳಗಿನ ಸ್ನಾಯು ಇದ್ದ ಹಾಗೇ ಇದೆ.
"ಹಾಗಂದ್ರೆ?"
ಬೇಕೆಂದಾಗ ಗಂಟಿಕ್ಕಬಹುದು. ಬೇಡದಾಗ ಬಿಡಬಹುದು.

ಗೋಡೆಯ ಕನ್ನಡಿಯೆದುರು ನಿಂತು ಗಂಟಿಕ್ಕಿದಳು.
ಬಿಟ್ಟಳು. ಮತ್ತೆ ಇಕ್ಕಿದಳು,
ಹೊಸ ಬೀಗಕ್ಕೆ ಹಳೆ ಕೀಲಿ ಹಾಕಿ ನೋಡುವ ಹಾಗೆ.
"ಕಿಲೋಗೆ ನಲವತ್ತು ಸಾವಿರ," ಎಂದಳು ಕನ್ನಡಿಗೆ.

ನಾನು ಮಾಸ್ಕ್ ಇಳಿಸಿದೆ,
ಕುಳಿಬಿದ್ದ ಕೆನ್ನೆ ಮುಂದೆ ಮಾಡಿ
ಮೂವತ್ತೈದಕ್ಕೆ ಕೊಡಿ, ಎಂದೆ.

"ನಲವತ್ತು," ಎಂದಳು. "ಮೇಲೆ ಒಂದೂ ಹಾಕಲ್ಲ."